ಯಾವ ಬೋರ್ಡು ಕೊಳ್ಳೋಣ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೈಕ್ರೋಕಂಟ್ರೋಲರಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ನಮಗೂ ಸಾಲ್ಡರಿಂಗ್ ಐರನ್ನಿಗೂ ಏನು ನಂಟು? ಇದಕ್ಕೆ ಉತ್ತರ ಇಟಲಿ ದೇಶದ ಇವ್ರೇಯಾ ಎಂಬ ಪಟ್ಟಣದಲ್ಲಿದೆ. ಒಂದು ಕಾಲಕ್ಕೆ ಒಲಿವೆಟ್ಟಿ ಬೆರಳಚ್ಚು ಯಂತ್ರಗಳಿಗೆ ಹೆಸರಾಗಿದ್ದ ಆ ಊರಿನ ವಿನ್ಯಾಸ ಶಾಲೆಯೊಂದರಲ್ಲಿ 2005ರಲ್ಲಿ ಮಸ್ಸಿಮೋ ಬಾಂಝಿ ಮತ್ತು ಅವರ ಸಂಗಡಿಗರು ಒಂದು ಪುಟ್ಟ ಬೋರ್ಡನ್ನು ರೂಪಿಸಿದರು. ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳೂ ದೀಪ, ಮೋಟಾರು, ಗಂಟೆಗಳನ್ನು ತಮ್ಮ ಇಚ್ಛೆಯಂತೆ ನಡೆಸುವಂತಾಗಬೇಕು, ಬೆಲೆಯೂ ಕೈಗೆಟುಕಬೇಕು ಎಂಬುದು ಅವರ ಉದ್ದೇಶವಾಗಿತ್ತು. ಆ ಬೋರ್ಡಿಗೆ ಅವರು ಇಟ್ಟ ಹೆಸರು ಆರ್ಡುಯಿನೋ. ಅದು ಊರಿನ ಒಂದು ಪಾನಗೃಹದ ಹೆಸರು. ಆ ಪಾನಗೃಹಕ್ಕಾದರೋ 11ನೆಯ ಶತಮಾನದ ಮೊದಲಲ್ಲಿ ಇಟಲಿಯ ದೊರೆಯಾಗಿದ್ದ ಅರ್ದುಯಿನನ ಹೆಸರು. ಇತಿಹಾಸದ ವಿದ್ಯಾರ್ಥಿಗಳಿಗೆ ಇಷ್ಟರಿಂದಲೇ ಈ ವಿಷಯದ ಮೇಲೆ ಒಂದು ಹಕ್ಕು ಬಂದಂತಾಯಿತು!

ಅಂದಿನಿಂದ ಇಂದಿಗೆ ಇಂತಹ ಬೋರ್ಡುಗಳ ಸಂಖ್ಯೆ ಲೆಕ್ಕಕ್ಕೆ ಸಿಕ್ಕದಷ್ಟು ಬೆಳೆದಿದೆ. ಹೊಸದಾಗಿ ಹವ್ಯಾಸಕ್ಕೆ ಇಳಿಯುವವನು ಮೊದಲು ಎಡವುವುದೇ ಇಲ್ಲಿ. ಯಾವುದನ್ನು ಕೊಳ್ಳಬೇಕು? ಈ ಪ್ರಶ್ನೆಯನ್ನು ನನ್ನನ್ನು ಕೇಳಿದ ಸಹಪಾಠಿಗಳಿಗೆ ನಿಂತ ಕಾಲಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ. ವಿಷಯ ಬಲ್ಲ ಅಧ್ಯಾಪಕರು ಇದನ್ನು ಪ್ರೌಢ ಪ್ರಬಂಧವೆಂದು ತಿಳಿಯದೆ ಸಹನೆಯಿಂದ ಓದಬೇಕು.

ಮೊದಲು, ಮೈಕ್ರೋಕಂಟ್ರೋಲರು ಎಂದರೇನು? ಒಂದು ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗ ಒಂದು ಕಡೆ, ನೆನಪು ಒಂದು ಕಡೆ, ಹೊರಗಿನೊಡನೆ ವ್ಯವಹರಿಸುವ ಭಾಗ ಇನ್ನೊಂದು ಕಡೆ ಇರುತ್ತವೆಯಷ್ಟೆ. ಇವೆಲ್ಲವನ್ನೂ ಉಗುರಿನಷ್ಟು ಅಗಲದ ಒಂದೇ ಚಿಪ್ಪಿನಲ್ಲಿ ಅಡಕಮಾಡಿದರೆ ಅದು ಮೈಕ್ರೋಕಂಟ್ರೋಲರು. ಅದರ ಕಾಲುಗಳು ಕೆಲವು ಹೊರಗಿನ ಸುದ್ದಿಯನ್ನು ತರುತ್ತವೆ: ಸ್ವಿಚ್ಚು ಒತ್ತಲ್ಪಟ್ಟಿತು, ಮಣ್ಣು ಒಣಗಿತು, ನೀರು ಏರಿತು ಎಂದು. ಕೆಲವು ಕಾಲುಗಳು ಅಪ್ಪಣೆಯನ್ನು ಹೊರಕ್ಕೆ ಒಯ್ಯುತ್ತವೆ: ದೀಪ ಹೊತ್ತಲಿ, ಮೋಟಾರು ನಿಲ್ಲಲಿ ಎಂದು. ನಡುವೆ ನಾವು ಬರೆದ ಕ್ರಮವಿಧಿ ಒಂದು. ಬಟ್ಟೆ ಒಗೆಯುವ ಯಂತ್ರದಲ್ಲಿ, ಆಟೋರಿಕ್ಷಾದ ಮೀಟರಿನಲ್ಲಿ ಇಂತಹ ಚಿಪ್ಪೇ ಕುಳಿತಿದೆ. ಚಿಪ್ಪಿನ ಜೊತೆಗೆ ವಿದ್ಯುತ್ತನ್ನು ಹದಗೊಳಿಸುವ ಭಾಗ, ಯು.ಎಸ್.ಬಿ. ತಂತಿಯ ಮೂತಿ, ತಂತಿ ಸಿಕ್ಕಿಸಲು ಅನುಕೂಲವಾದ ಪಿನ್ನುಗಳು ಇವನ್ನು ಸೇರಿಸಿ ಮಾರುವ ಹಲಗೆಯೇ ಬೋರ್ಡು.

ಇಲ್ಲೊಂದು ಗೊಂದಲವನ್ನು ತಪ್ಪಿಸಬೇಕು. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬುದು ಮೈಕ್ರೋಕಂಟ್ರೋಲರ್ ಬೋರ್ಡಲ್ಲ. ಅದು ಲಿನಕ್ಸ್ ನಡೆಸುವ ಪೂರ್ಣ ಗಣಕ. ಅದಕ್ಕೆ ಮೆಮೊರಿ ಕಾರ್ಡು ಬೇಕು, ಎಚ್ಚರಗೊಳ್ಳಲು ಹೊತ್ತು ಬೇಕು. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನಲ್ಲಿರುವುದು ಕೆಡುವ ಸಂಭವವುಂಟು. ಅದೇ ಮನೆತನದ ರಾಸ್ಪ್‌ಬೆರಿ ಪೈ ಪಿಕೋ, 2021ರ ಜನವರಿಯಲ್ಲಿ ನಾಲ್ಕು ಡಾಲರ್ ಬೆಲೆಗೆ ಹೊರಬಂದುದು, ಇದು ನಿಜವಾದ ಮೈಕ್ರೋಕಂಟ್ರೋಲರ್ ಬೋರ್ಡು. ಕರೆಂಟು ಹೋಗಿ ಬಂದರೆ ಕಣ್ಣುಮಿಟುಕಿಸುವಷ್ಟರಲ್ಲಿ ಕೆಲಸಕ್ಕೆ ತೊಡಗುತ್ತದೆ. ಹೆಸರು ಅಣ್ಣತಮ್ಮಂದಿರಂತಿದ್ದರೂ ಕಸುಬು ಬೇರೆ.

ಬೆಂಗಳೂರಿನವರಾದ ನಾವು ಈ ವಿಷಯದಲ್ಲಿ ಅದೃಷ್ಟವಂತರು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, 1985ರಲ್ಲಿ ಚಿಪ್ಪುಗಳ ವಿನ್ಯಾಸಕ್ಕೆಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಹೀಗೆ ಒಂದರ ಹಿಂದೊಂದು ನೆಲೆಸಿದ ಊರು ಇದು. ಹವ್ಯಾಸಿಗೆ ಅವೆಲ್ಲಕ್ಕಿಂತ ಹತ್ತಿರವಾದುದು ಎಸ್.ಪಿ. ರಸ್ತೆ, ಎಂದರೆ ಸದರ್ ಪತ್ರಪ್ಪ ರಸ್ತೆ. ಗಿರಿನಗರದಿಂದ ಮಾರ್ಕೆಟ್ಟಿಗೆ ಬಸ್ಸು ಹತ್ತಿ ಪುರಭವನದ ಹತ್ತಿರ ಇಳಿದು ನಾಲ್ಕು ಹೆಜ್ಜೆ ನಡೆದರೆ, ಇಕ್ಕಟ್ಟಾದ ಅಂಗಡಿಗಳಲ್ಲಿ ರೆಸಿಸ್ಟರಿನಿಂದ ಹಿಡಿದು ರೋಬೋಟಿನ ಚಕ್ರದವರೆಗೆ ಎಲ್ಲವೂ ಉಂಟು. ಅಲ್ಲಿ ನಿಂತವನನ್ನು ಅಂಗಡಿಯವರು ಕೇಳುವ ಪ್ರಶ್ನೆ ಒಂದೇ: “ಯಾವ್ದು ಕೊಡ್ಲಿ?” ಹಿಂದೆ ನಾಲ್ಕು ಜನ ಕಾದು ನಿಂತಿರುತ್ತಾರೆ. ಬೋರ್ಡಿನ ವೇಗವೆಷ್ಟು, ನೆನಪೆಷ್ಟು ಎಂದು ಅಂಕಿಗಳನ್ನು ಹೋಲಿಸಿ, ಅತಿ ದೊಡ್ಡ ಅಂಕಿಯುಳ್ಳದ್ದನ್ನು ಆರಿಸುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಬೋರ್ಡನ್ನು ಆರಿಸಬೇಕಾದುದು ಅಂಗಡಿಯಲ್ಲಲ್ಲ. ಅದು ಯಾವ ಮನೆಯಲ್ಲಿ, ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ನಿಲ್ಲಬೇಕೋ ಅಲ್ಲಿ. ಈ ಮಾತನ್ನು ನಮ್ಮ ಬಡಾವಣೆಯ ಕೆಲಸಗಳಿಂದಲೇ ತೋರಿಸುತ್ತೇನೆ.

ನಮ್ಮ ಕಡೆಯ ಹವ್ಯಾಸಿಗಳಲ್ಲಿ ಬಹುಮಂದಿ ಮೊದಲು ಕೈಹಾಕುವುದು ನೀರಿನ ತೊಟ್ಟಿಗೆ. ಕಾವೇರಿಯ ಮೊದಲನೆಯ ಹಂತದ ನೀರು 1974ರಲ್ಲಿ ನಗರಕ್ಕೆ ಬಂತು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಅದನ್ನು ಪಂಪುಗಳು ದೂಡಿ ತರುತ್ತವೆ. ಹಾಗೆ ಬಂದ ನೀರು ಹಗಲೂ ರಾತ್ರಿ ನಲ್ಲಿಯಲ್ಲಿ ಇರುವುದಿಲ್ಲವಾದ್ದರಿಂದ ಬಂದಾಗ ಸಂಪಿನಲ್ಲಿ ತುಂಬಿಟ್ಟುಕೊಂಡು, ಆಮೇಲೆ ಮೋಟಾರು ಹಾಕಿ ಮಹಡಿಯ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಮೋಟಾರು ಹಾಕಿ ಮರೆತರೆ ಟ್ಯಾಂಕು ತುಂಬಿ ನೀರು ಬೀದಿಯಲ್ಲಿ ಹರಿಯುತ್ತದೆ. ಸಂಪು ಬರಿದಾದಾಗ ಮೋಟಾರು ಓಡಿದರೆ ಸುಟ್ಟುಹೋಗುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿಯು ಐದು ಸಾವಿರ ರೂಪಾಯಿ ದಂಡ ಗೊತ್ತುಮಾಡಿದುದನ್ನು ಕಂಡ ನಮಗೆ ತುಂಬಿ ಹರಿಯುವ ಟ್ಯಾಂಕು ಸಣ್ಣ ವಿಷಯವಲ್ಲ.

ಈ ಕೆಲಸಕ್ಕೆ ಯಾವ ಬೋರ್ಡು? ಮೊದಲ ಉತ್ತರವನ್ನು ಕೇಳಿ ಹವ್ಯಾಸಿಗಳು ಮುನಿಯಬಾರದು: ಬೋರ್ಡೇ ಬೇಡ. ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ಚು ಎಂಬುದೊಂದುಂಟು. ನೀರು ಏರಿದರೆ ಅದರೊಳಗಿನ ಸಂಪರ್ಕ ಕಡಿಯುತ್ತದೆ, ಇಳಿದರೆ ಕೂಡುತ್ತದೆ. ಸಂಪಿನಲ್ಲೊಂದು, ಟ್ಯಾಂಕಿನಲ್ಲೊಂದು ಇಟ್ಟು ಮೋಟಾರಿನ ಸ್ಟಾರ್ಟರಿಗೆ ಎಲೆಕ್ಟ್ರಿಷಿಯನ್ನರಿಂದ ಜೋಡಿಸಿದರೆ ಕ್ರಮವಿಧಿಯ ಒಂದು ಸಾಲೂ ಇಲ್ಲದೆ ಕೆಲಸ ಮುಗಿಯಿತು. ಮೈಕ್ರೋಕಂಟ್ರೋಲರು ಬೇಕಾಗುವುದು ಇದಕ್ಕಿಂತ ಹೆಚ್ಚಿನದನ್ನು ಬಯಸಿದಾಗ: ಟ್ಯಾಂಕಿನಲ್ಲಿ ಕಾಲು ಭಾಗವಿದೆಯೋ ಅರ್ಧವಿದೆಯೋ ತಿಳಿಯಬೇಕು, ಮೋಟಾರು ಇಷ್ಟು ನಿಮಿಷ ಓಡಿದರೂ ನೀರು ಏರದಿದ್ದರೆ ತಾನೇ ನಿಲ್ಲಬೇಕು, ನಡುರಾತ್ರಿ ಸದ್ದುಮಾಡಬಾರದು ಎಂಬಂತಹ ವಿವೇಕಗಳನ್ನು ಸೇರಿಸಬೇಕಾದಾಗ.

ನೀರಿನ ಮಟ್ಟವನ್ನು ಅಳೆಯಲು ಅಲ್ಟ್ರಾಸಾನಿಕ್ ಸೆನ್ಸರು ಪ್ರಸಿದ್ಧವಾಗಿದೆ. ಎರಡು ಕಣ್ಣುಗಳಂತೆ ಕಾಣುವ ಎಚ್.ಸಿ.-ಎಸ್.ಆರ್. 04 ಎಂಬುದು ನಮ್ಮ ಕಿವಿಗೆ ಕೇಳದ ಶಬ್ದವೊಂದನ್ನು ಕಳುಹಿಸಿ ಪ್ರತಿಧ್ವನಿಗೆ ಕಾಯುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಆದ್ದರಿಂದ ನೀರು ಒಂದು ಸೆಂಟಿಮೀಟರ್ ಕೆಳಗಿಳಿದರೆ ಹೋಗಿಬರುವ ಹೊತ್ತು 58 ಮೈಕ್ರೋಸೆಕೆಂಡಿನಷ್ಟು ಹೆಚ್ಚುತ್ತದೆ. ಈಗ ಆರ್ಡುಯಿನೋ ಊನೋ ಬೋರ್ಡನ್ನು ತೆಗೆದುಕೊಳ್ಳಿ. 2010ರಲ್ಲಿ ಬಂದ ಇದರ ಚಿಪ್ಪು ಎಟಿಮೆಗಾ 328. ಕ್ರಮವಿಧಿಗೆ 32 ಕಿಲೋಬೈಟು, ಕೆಲಸದ ನೆನಪಿಗೆ 2 ಕಿಲೋಬೈಟು, ಸೆಕೆಂಡಿಗೆ 1 ಕೋಟಿ 60 ಲಕ್ಷ ಬಡಿತ. ಇಂದಿನ ದೃಷ್ಟಿಯಿಂದ ಬಡಪಾಯಿ. ಆದರೆ 58 ಮೈಕ್ರೋಸೆಕೆಂಡಿನಲ್ಲಿ ಅದರ ಗಡಿಯಾರ 928 ಬಾರಿ ಬಡಿದಿರುತ್ತದೆ! ಒಂದು ಸೆಂಟಿಮೀಟರನ್ನು ಗುರುತಿಸಲು 928 ಬಡಿತಗಳ ಬಿಡುವು ಇರುವವನಿಗೆ ಅವಸರವೇನು? ಇದಕ್ಕಿಂತ ಹದಿನೈದು ಪಟ್ಟು ವೇಗದ ಬೋರ್ಡನ್ನು ತಂದರೆ ಅದು ಹದಿನೈದು ಪಟ್ಟು ಹೆಚ್ಚು ಹೊತ್ತು ಸುಮ್ಮನೆ ಕುಳಿತಿರುತ್ತದೆ, ಅಷ್ಟೆ.

ಪ್ರಾಸಂಗಿಕವಾಗಿ ಒಂದು ಮಾತು. ತೆರೆದ ಕಣ್ಣಿನ ಆ ಸೆನ್ಸರು ಮುಚ್ಚಿದ ಟ್ಯಾಂಕಿನ ತೇವದಲ್ಲಿ ಬಹುಕಾಲ ಬಾಳುವುದಿಲ್ಲ. ನೀರು ತಾಗಿದರೂ ಕೆಡದ ಇನ್ನೊಂದು ಜಾತಿಯುಂಟು. ಆದರೆ ಅದು ಸುಮಾರು 20ರಿಂದ 25 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಕಾಣಲಾರದು. ಆದ್ದರಿಂದ ತುಂಬಿದ ನೀರಿಗಿಂತ ಅಷ್ಟು ಎತ್ತರದಲ್ಲಿ ಅದನ್ನು ಕೂರಿಸಬೇಕು. ಎರಡು ಲೋಹದ ಕಡ್ಡಿಗಳನ್ನು ನೀರಿನಲ್ಲಿ ಇಳಿಬಿಟ್ಟು ವಿದ್ಯುತ್ತು ಹರಿಯುವುದೇ ಎಂದು ನೋಡುವ ಹಳೆಯ ಉಪಾಯವೂ ಇದೆ. ಸದಾ ವಿದ್ಯುತ್ತು ಹರಿಸಿದರೆ ಕಡ್ಡಿ ಕೊರೆದುಹೋಗುತ್ತದೆ. ಅಳೆಯುವ ಕ್ಷಣದಲ್ಲಿ ಮಾತ್ರ ಹರಿಸುವಂತೆ ಕ್ರಮವಿಧಿ ಬರೆದು, ತುಕ್ಕುಹಿಡಿಯದ ಉಕ್ಕನ್ನು ಬಳಸಿದರೆ ಬಹಳ ದಿನ ಬರುತ್ತದೆ.

ವೇಗಕ್ಕಿಂತ ಮುಖ್ಯವಾದುದು ವೋಲ್ಟೇಜು. ಊನೋ 5 ವೋಲ್ಟಿನ ಬೋರ್ಡು. ಪಿಕೋ, ಇ.ಎಸ್.ಪಿ. 32 ಮುಂತಾದವು 3.3 ವೋಲ್ಟಿನವು. ಮೇಲೆ ಹೇಳಿದ ಎರಡು ಕಣ್ಣಿನ ಸೆನ್ಸರು 5 ವೋಲ್ಟಿನದು. ಅದರ ಉತ್ತರವೂ 5 ವೋಲ್ಟಿನಲ್ಲೇ ಬರುತ್ತದೆ. ಅದನ್ನು ನೇರವಾಗಿ 3.3 ವೋಲ್ಟಿನ ಕಾಲಿಗೆ ಕೊಟ್ಟರೆ ಚಿಪ್ಪಿಗೆ ಹಾನಿಯಾಗಬಹುದು. ನಡುವೆ ಒಂದು ಸಾವಿರ ಓಮಿನ ರೆಸಿಸ್ಟರನ್ನೂ, ಅಲ್ಲಿಂದ ನೆಲಕ್ಕೆ ಎರಡು ಸಾವಿರ ಓಮಿನದನ್ನೂ ಹಾಕಿದರೆ ಮೂರರಲ್ಲಿ ಎರಡು ಪಾಲು, ಎಂದರೆ 3.3 ವೋಲ್ಟು ಮಾತ್ರ ಒಳಹೋಗುತ್ತದೆ. ಖರ್ಚು ಒಂದೆರಡು ರೂಪಾಯಿ. ಆದರೆ ಇದು ತಿಳಿದಿರಬೇಕು. ತಿಳಿಯದವನಿಗೆ 5 ವೋಲ್ಟಿನ ಬೋರ್ಡೇ ಕ್ಷೇಮ. ಅದಕ್ಕಾಗಿಯೇ ಮೊದಲ ಬೋರ್ಡಾಗಿ ಊನೋವನ್ನು ನಾನು ಇಂದಿಗೂ ಹೇಳುವುದು. ಅದರ ಕಾಲು ಹೆಚ್ಚು ಹೊಡೆತ ತಡೆಯುತ್ತದೆ, ಅದರ ವಿಷಯದಲ್ಲಿ ನೆರವು ಎಲ್ಲೆಲ್ಲಿಯೂ ಸಿಗುತ್ತದೆ. ಅದರ ನಕ್ಷೆಯನ್ನು ನಿರ್ಮಾಪಕರು ಎಲ್ಲರಿಗೂ ತೆರೆದಿಟ್ಟಿರುವುದರಿಂದ ಇತರರು ಮಾಡಿದ ಪ್ರತಿರೂಪಗಳು ಮೂಲಕ್ಕಿಂತ ಬಹಳ ಅಗ್ಗವಾಗಿ ದೊರೆಯುತ್ತವೆ. ಇದು ಕಳ್ಳಮಾಲಲ್ಲ, ಹೆಸರನ್ನು ಮಾತ್ರ ಕದಿಯಬಾರದು. 2023ರಲ್ಲಿ ಬಂದ ಊನೋ ಆರ್. 4 ಕೂಡ 5 ವೋಲ್ಟನ್ನೇ ಉಳಿಸಿಕೊಂಡು ನೆನಪನ್ನು 32 ಕಿಲೋಬೈಟಿಗೆ ಏರಿಸಿದೆ.

ಮೋಟಾರನ್ನು ಯಾವ ಬೋರ್ಡೂ ನೇರವಾಗಿ ನಡೆಸಲಾರದು. ಊನೋವಿನ ಒಂದು ಕಾಲಿನಿಂದ 20 ಮಿಲಿಆಂಪಿಯರು ತೆಗೆಯಬಹುದು. 40 ಅದರ ಎಲ್ಲೆ. 5 ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿ ಕೇಳುವುದು ಸುಮಾರು 70. ಆದ್ದರಿಂದಲೇ ನಡುವೆ ಒಂದು ಟ್ರಾನ್ಸಿಸ್ಟರು, ಸುರುಳಿಗೆ ಅಡ್ಡಲಾಗಿ ಒಂದು ಡಯೋಡು ಬೇಕು. ಅಂಗಡಿಯ ರಿಲೇ ಮಾಡ್ಯೂಲಿನಲ್ಲಿ ಇವೆರಡೂ ಕುಳಿತೇ ಬರುತ್ತವೆ. ಅದರ ಮೇಲೆ “10 ಆಂಪಿಯರ್” ಎಂದು ಅಚ್ಚಾಗಿರುವುದನ್ನು ನಂಬಿ ಒಂದು ಅಶ್ವಶಕ್ತಿಯ ಮೋಟಾರನ್ನು ಜೋಡಿಸಬಾರದು. ಮೋಟಾರು ಹೊರಡುವಾಗ ಓಡುವಾಗಿನದರ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ರಿಲೇಯ ತುಟಿಗಳು ಬೆಸೆದುಕೊಂಡು ಮೋಟಾರು ನಿಲ್ಲದೆ ಹೋಗಬಹುದು. ರಿಲೇ ಒಂದು ಕಾಂಟ್ಯಾಕ್ಟರನ್ನು ನಡೆಸಲಿ, ಕಾಂಟ್ಯಾಕ್ಟರು ಮೋಟಾರನ್ನು ನಡೆಸಲಿ. 230 ವೋಲ್ಟಿನ ಈ ಭಾಗವನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡಬೇಕು. ಇಲ್ಲಿ ಧೈರ್ಯ ತೋರಿಸುವುದು ಹವ್ಯಾಸವಲ್ಲ.

ಇನ್ನು ವೈಫೈ. ಶಾಂಘೈಯ ಎಸ್ಪ್ರೆಸಿಫ್ ಕಂಪನಿಯ ಇ.ಎಸ್.ಪಿ. 8266 ಎಂಬ ಚಿಪ್ಪು 2014ರಲ್ಲಿ ಹವ್ಯಾಸಿಗಳ ಕೈಗೆ ಬಂದ ಮೇಲೆ ಅತಿ ಕಡಿಮೆ ಬೆಲೆಗೆ ವೈಫೈ ಸಿಕ್ಕಿತು. 2016ರ ಇ.ಎಸ್.ಪಿ. 32 ಅದರ ಮೇಲೆ ಬ್ಲೂಟೂತನ್ನೂ ಎರಡು ಮಿದುಳುಗಳನ್ನೂ 520 ಕಿಲೋಬೈಟು ನೆನಪನ್ನೂ ಕೂಡಿಸಿತು. ಊನೋವಿಗಿಂತ ಎಷ್ಟೋ ಸಮರ್ಥವಾದ ಇದರ ಬೋರ್ಡು ಬೆಲೆಯಲ್ಲಿ ಊನೋವಿನ ಪ್ರತಿರೂಪಕ್ಕೆ ಸಮೀಪದಲ್ಲೇ ಇದೆ. ಹೀಗಿರುವಾಗ ಇದನ್ನೇ ಏಕೆ ಕೊಳ್ಳಬಾರದು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕೊಳ್ಳಬಹುದು. ಆದರೆ ವೈಫೈ ಇದೆಯೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ವೈಫೈಗೆ ಕಟ್ಟಿಹಾಕಬಾರದು.

ನಮ್ಮ ಬೀದಿಯ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಆ ಮನೆಯ ಹುಡುಗ ಬುದ್ಧಿವಂತ; ಟ್ಯಾಂಕಿಗೆ ಇಂತಹ ಬೋರ್ಡನ್ನು ಜೋಡಿಸಿ, ಫೋನಿನಲ್ಲೇ ಮೋಟಾರನ್ನು ಹಾಕುವ ಆರಿಸುವ ಏರ್ಪಾಡು ಮಾಡಿದ. ನೆರೆಹೊರೆಯವರೆಲ್ಲ ಬಂದು ನೋಡಿ ಮೆಚ್ಚಿದರು. ಮುಂದೆ ಅವನಿಗೆ ಪರಊರಿನಲ್ಲಿ ಕೆಲಸವಾಯಿತು. ಮನೆಯಲ್ಲಿ ಉಳಿದವರು ಅಜ್ಜಿಯೊಬ್ಬರೇ. ಕೆಲವು ತಿಂಗಳ ಮೇಲೆ ಇಂಟರ್‌ನೆಟ್ಟಿನವರು ಬಂದು ಹಳೆಯ ಪೆಟ್ಟಿಗೆಯನ್ನು ತೆಗೆದು ಹೊಸದನ್ನಿಟ್ಟರು; ಹೆಸರು ಬೇರೆ, ಸಂಕೇತಪದ ಬೇರೆ. ಬೋರ್ಡಿನ ಹೊಟ್ಟೆಯಲ್ಲಿ ಬರೆದಿದ್ದುದು ಹಳೆಯ ಸಂಕೇತಪದ. ಮೋಟಾರು ಅಪ್ಪಣೆಗಾಗಿ ಕಾಯುತ್ತಾ ಕುಳಿತಿತು. ಗೋಡೆಯ ಮೇಲಿದ್ದ ಸ್ವಿಚ್ಚನ್ನು ಹುಡುಗ ಮೊದಲೇ ತೆಗೆದುಹಾಕಿದ್ದ. ಎಲೆಕ್ಟ್ರಿಷಿಯನ್ ಬರುವವರೆಗೆ ಮೂರು ದಿನ ಆ ವೃದ್ಧೆ ಸಂಪಿನ ಮುಚ್ಚಳ ತೆಗೆಸಿ ಬಕೀಟಿನಲ್ಲಿ ನೀರು ಸೇದಿಸಿಕೊಂಡರು. “ಮೊಮ್ಮಗ ಪ್ರೀತಿಯಿಂದ ಮಾಡಿಟ್ಟು ಹೋಗಿದ್ದಾನಪ್ಪ. ನನಗೆ ಒಂದು ಗುಂಡಿ ಇದ್ದಿದ್ರೆ ಸಾಕಿತ್ತು” ಎಂದರು, ನಗುತ್ತಲೇ.

ದೋಷ ಬೋರ್ಡಿನದಲ್ಲ. ನೀರಿನ ಮಟ್ಟವನ್ನು ನೋಡಿ ಮೋಟಾರನ್ನು ನಿಲ್ಲಿಸುವ ತೀರ್ಮಾನ ಬೋರ್ಡಿನಲ್ಲೇ ಆಗಬೇಕು, ವೈಫೈ ಇರಲಿ ಇಲ್ಲದಿರಲಿ. ಫೋನಿಗೆ ಹೋಗುವುದು ಸುದ್ದಿ ಮಾತ್ರವಾಗಿರಬೇಕು. ಬೋರ್ಡು ಸತ್ತರೂ ಕೆಲಸಮಾಡುವ ಒಂದು ಸ್ವಿಚ್ಚು ಗೋಡೆಯ ಮೇಲೆ, ಕೈಗೆಟುಕುವ ಎತ್ತರದಲ್ಲಿ ಉಳಿಯಬೇಕು. ಹೀಗೆ ಯೋಚಿಸಿದರೆ ಟ್ಯಾಂಕಿನ ಕೆಲಸಕ್ಕೆ ಊನೋ, ಅಥವಾ ಅದೇ ಚಿಪ್ಪಿನ ಪುಟ್ಟ ರೂಪವಾದ ನ್ಯಾನೋ, ಧಾರಾಳವಾಗಿ ಸಾಕು. ಮಹಡಿಯಿಂದ ಕೆಳಕ್ಕೆ ಎರಡು ಮೂರು ಕಾಂಕ್ರೀಟು ತಾರಸಿಗಳನ್ನು ದಾಟಿ ವೈಫೈ ಬರುವುದೇ ಕಷ್ಟ. ನಾಲ್ಕೆಳೆಯ ತಂತಿಯೊಂದನ್ನು ಇಳಿಬಿಟ್ಟರೆ ಆ ಚಿಂತೆಯೂ ಇಲ್ಲ.

ತಾರಸಿಯ ಮೇಲೆಯೇ ನಿಂತು ಇನ್ನೊಂದು ಕೆಲಸವನ್ನು ನೋಡೋಣ. ಮಳೆ ಅಳೆಯುವುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ನಾಡಿನ ಗ್ರಾಮ ಪಂಚಾಯಿತಿಗಳಲ್ಲಿ ಸಾವಿರಾರು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅದನ್ನು ಕಂಡು ತಮ್ಮ ಮನೆಯ ಮೇಲೂ ಒಂದನ್ನು ನಿಲ್ಲಿಸಲು ಬಯಸುವ ಹವ್ಯಾಸಿಗಳಿದ್ದಾರೆ. ಇದರ ಒಳಗೆ ಸೀಸಾ ಆಟದ ಹಲಗೆಯಂತೆ ತೂಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ವಾಲಿ ಸುರಿದುಹೋಗಿ ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಿಕೆಗೂ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಒಂದು ವಾಲಿಕೆಗೆ 0.2 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೆ, ವರ್ಷಕ್ಕೆ ಸುಮಾರು ಸಾವಿರ ಮಿಲಿಮೀಟರ್ ಮಳೆ ಬೀಳುವ ನಮ್ಮೂರಿನಲ್ಲಿ ಬಟ್ಟಲು ವಾಲುವುದು ಸುಮಾರು ಐದು ಸಾವಿರ ಸಲ. ಪ್ರತಿ ಸಲವೂ ಚಿಪ್ಪು ನೂರರಲ್ಲೊಂದು ಸೆಕೆಂಡು ಎಚ್ಚರವಿದ್ದು ಎಣಿಸಿದರೆ, ವರ್ಷಕ್ಕೆಲ್ಲ ಅದರ ದುಡಿಮೆ 50 ಸೆಕೆಂಡು! ಉಳಿದ ಕಾಲವೆಲ್ಲ ನಿದ್ರೆ. ಇಂತಹ ಕೆಲಸಕ್ಕೆ ಬೋರ್ಡನ್ನು ಆರಿಸುವಾಗ ಅದು ಎಷ್ಟು ವೇಗವಾಗಿ ಎಣಿಸುತ್ತದೆ ಎಂಬುದಲ್ಲ, ಎಷ್ಟು ಚೆನ್ನಾಗಿ ನಿದ್ರಿಸುತ್ತದೆ ಎಂಬುದೇ ಪ್ರಶ್ನೆ.

ಇಲ್ಲಿ ನಾನು ಹೊಗಳಿದ ಊನೋ ಸೋಲುತ್ತದೆ. ಏನೂ ಮಾಡದೆಯೇ ಅದು ಸುಮಾರು 50 ಮಿಲಿಆಂಪಿಯರು ಸೆಳೆಯುತ್ತದೆ. 2,500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಎರಡು ದಿನಕ್ಕೆ ಖಾಲಿ. ವಿಚಿತ್ರವೆಂದರೆ ತಪ್ಪು ಚಿಪ್ಪಿನದಲ್ಲ. ಅದೇ ಎಟಿಮೆಗಾ ಚಿಪ್ಪನ್ನು ಒಂಟಿಯಾಗಿ ತೆಗೆದು ಮಲಗಿಸಿದರೆ ಅದು ಕುಡಿಯುವುದು ಒಂದು ಮೈಕ್ರೋಆಂಪಿಯರಿಗೂ ಕಡಿಮೆ. ತಿನ್ನುವುದೆಲ್ಲ ಸುತ್ತಲಿನ ಪರಿವಾರ: ಯು.ಎಸ್.ಬಿ. ಚಿಪ್ಪು, ರೆಗ್ಯುಲೇಟರು, ಉರಿಯುತ್ತಲೇ ಇರುವ ಪುಟ್ಟ ದೀಪ. ಇ.ಎಸ್.ಪಿ. 32ರ ಕಥೆಯೂ ಹಾಗೆಯೇ. ಗಾಢನಿದ್ರೆಯಲ್ಲಿ ಅದರ ಚಿಪ್ಪಿಗೆ ಸುಮಾರು 10 ಮೈಕ್ರೋಆಂಪಿಯರು ಸಾಕು. ಬೋರ್ಡು ಮಾತ್ರ ಅದರ ಅನೇಕ ಪಟ್ಟು ಕೇಳುತ್ತದೆ. ವೈಫೈ ಹಚ್ಚಿಟ್ಟುಕೊಂಡೇ ಇದ್ದರಂತೂ ಸುಮಾರು 100 ಮಿಲಿಆಂಪಿಯರು; ಅದೇ ಬ್ಯಾಟರಿ ಒಂದು ದಿನಕ್ಕೆ ಮುಗಿಯಿತು. ದಿನಕ್ಕೊಮ್ಮೆ ಎದ್ದು ಲೆಕ್ಕ ಕಳುಹಿಸಿ ಮತ್ತೆ ಮಲಗಿದರೆ ತಿಂಗಳುಗಟ್ಟಲೆ ಬರುತ್ತದೆ. ಆದ್ದರಿಂದ ಬ್ಯಾಟರಿಯ ಕೆಲಸಕ್ಕೆ ಬೋರ್ಡು ಕೊಳ್ಳುವವರು ಚಿಪ್ಪಿನ ಅಂಕಿಯನ್ನಲ್ಲ, ಬೋರ್ಡಿನ ಅಂಕಿಯನ್ನು ಕೇಳಬೇಕು. ಸಾಧ್ಯವಾದರೆ ಮಲ್ಟಿಮೀಟರನ್ನಿಟ್ಟು ತಾವೇ ಅಳೆಯಬೇಕು.

ಮೂರನೆಯ ಕೆಲಸ ನಮ್ಮ ಕಾಲೇಜಿಗೇ ಸೇರಿದ್ದು, ನನಗೆ ಹೆಚ್ಚು ಪ್ರಿಯವಾದದ್ದೂ ಹೌದು: ಕನ್ನಡದ ಸೂಚನಾ ಫಲಕ. “ಗ್ರಂಥಾಲಯ ತೆರೆದಿದೆ”, “ತರಗತಿ ಇಲ್ಲ” ಎಂದು ಬೆಳಗುವ ಒಂದು ಫಲಕ ಬೇಕೆನ್ನಿ. ಹವ್ಯಾಸಿಗಳೆಲ್ಲ ಬಳಸುವ ಅಗ್ಗದ ಎಲ್.ಸಿ.ಡಿ. ಪರದೆಯಲ್ಲಿ ಸಾಲಿಗೆ 16ರಂತೆ ಎರಡು ಸಾಲು ಅಕ್ಷರಗಳು. ಒಂದೊಂದು ಅಕ್ಷರಕ್ಕೆ ಅಗಲ 5, ಎತ್ತರ 8 ಚುಕ್ಕೆಗಳ ಮನೆ. ಅದರೊಳಗೆ ಇಂಗ್ಲಿಷ್ ಅಕ್ಷರಗಳಿವೆ, ಸಾಮಾನ್ಯವಾಗಿ ಸಿಗುವ ಜಾತಿಯಲ್ಲಿ ಜಪಾನಿನ ಕಟಕಾನಾ ಲಿಪಿಯೂ ಇದೆ, ಕನ್ನಡವಿಲ್ಲ. ನಾವೇ ಬರೆದುಕೊಳ್ಳಲು ಎಂಟು ಅಕ್ಷರಗಳಿಗೆ ಮಾತ್ರ ಎಡೆ. ಆ 40 ಚುಕ್ಕೆಗಳಲ್ಲಿ “ಸ್ತ್ರೀ” ಎಂದು ಬರೆಯಲು ಯತ್ನಿಸಿ ನೋಡಿ! ಬ್ರಿಟನ್ನಿನಲ್ಲಿ 2016ರಲ್ಲಿ ಶಾಲಾ ಮಕ್ಕಳಿಗೆ ಲಕ್ಷಗಟ್ಟಲೆ ಹಂಚಿದ ಮೈಕ್ರೋಬಿಟ್ ಎಂಬ ಬೋರ್ಡಿನಲ್ಲಿ ದೀಪಗಳಿರುವುದು ಬರಿಯ 25; ಮಕ್ಕಳ ಕಲಿಕೆಗೆ ಅದು ಸೊಗಸು, ನಮ್ಮ ಒತ್ತಕ್ಷರಗಳಿಗೆ ಅಲ್ಲಿ ಜಾಗವಿಲ್ಲ.

ಆದ್ದರಿಂದ 128ಕ್ಕೆ 64 ಚುಕ್ಕೆಗಳ ಓ.ಎಲ್.ಇ.ಡಿ. ಪರದೆಗೋ, ಬಿ.ಎಂ.ಟಿ.ಸಿ. ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರು ಕನ್ನಡದಲ್ಲಿ ಬೆಳಗುವಂತಹ ಎಲ್.ಇ.ಡಿ. ಫಲಕಕ್ಕೋ ಹೋಗಬೇಕಾಗುತ್ತದೆ. ಈ ಓ.ಎಲ್.ಇ.ಡಿ. ಪರದೆಯ ಚುಕ್ಕೆಗಳೆಲ್ಲವನ್ನೂ ನೆನಪಿನಲ್ಲಿಟ್ಟುಕೊಳ್ಳಲು ಬೇಕಾದುದು 1,024 ಬೈಟು, ಎಂದರೆ ಊನೋವಿನ ನೆನಪಿನ ಅರ್ಧ. ಇನ್ನೊಂದು ತೊಡಕುಂಟು. ಯೂನಿಕೋಡಿನಲ್ಲಿ “ಗ್ರಂಥಾಲಯ” ಎಂಬುದು ಎಂಟು ಸಂಕೇತಗಳು. ಸಾಮಾನ್ಯ ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 24 ಬೈಟು. ಇದೇನೂ ಹೆಚ್ಚಲ್ಲ. ಆದರೆ ಗಕಾರ, ಅದರ ಮುಂದೆ ವಿರಾಮ ಚಿಹ್ನೆ, ಅದರ ಮುಂದೆ ರಕಾರ ಎಂದು ಸಾಲಾಗಿ ನಿಂತಿರುವುದನ್ನು ಕೂಡಿಸಿ “ಗ್ರ” ಎಂದು ಬರೆಯುವ ಜಾಣ್ಮೆ ಫೋನುಗಳಲ್ಲಿದೆ, ಈ ಪುಟ್ಟ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇಲ್ಲ. ಬಿಡಿಬಿಡಿಯಾಗಿ ಅಚ್ಚುಮಾಡಿ ಕನ್ನಡವನ್ನು ಮುರಿದು ತೋರಿಸುತ್ತವೆ.

ಇದಕ್ಕೆ ಉಪಾಯ ಪದವನ್ನು ಅಕ್ಷರವಾಗಿ ಕಾಣದೆ ಚಿತ್ರವಾಗಿ ಕಾಣುವುದು. 96ಕ್ಕೆ 24 ಚುಕ್ಕೆಗಳ ಒಂದು ಪದಚಿತ್ರಕ್ಕೆ 288 ಬೈಟು. ಐವತ್ತು ಪದಗಳಿಗೆ ಸುಮಾರು 14 ಕಿಲೋಬೈಟು. ಊನೋವಿನ 32 ಕಿಲೋಬೈಟಿನಲ್ಲಿ ಇಷ್ಟು ಹಿಡಿಯುತ್ತದೆ. ಪರದೆಯನ್ನು ಒಂದೇ ಸಲಕ್ಕೆ ಬರೆಯದೆ ಪಟ್ಟಿಪಟ್ಟಿಯಾಗಿ ಬರೆದರೆ ಕೆಲಸದ ನೆನಪೂ ಸಾಲುತ್ತದೆ. ಆದ್ದರಿಂದ ನಿಗದಿಯಾದ ಐವತ್ತು ಸೂಚನೆಗಳ ಫಲಕಕ್ಕೆ ಇಲ್ಲಿಯೂ ಊನೋ ನಡೆಯುತ್ತದೆ. ದಿನಕ್ಕೊಂದು ಹೊಸ ವಾಕ್ಯ ಬೇಕು, ಕನ್ನಡ ಸಂಘದವರು ಬೆಳಿಗ್ಗೆ ತಮಗೆ ಬೇಕಾದುದನ್ನು ಬರೆದು ಕಳುಹಿಸಬೇಕು ಎಂದರೆ ಮಾತ್ರ ಬೇರೆ ದಾರಿ. ಬರೆಯುವ ಕೆಲಸವನ್ನು ಫೋನಿಗೇ ಬಿಟ್ಟು, ಅದು ಮಾಡಿದ ಚಿತ್ರವನ್ನು ವೈಫೈಯಲ್ಲಿ ಪಡೆದು ತೋರಿಸುವ ಬೋರ್ಡು ಬೇಕು. ಇ.ಎಸ್.ಪಿ. 32, ಅಥವಾ 2022ರಲ್ಲಿ ವೈಫೈ ಸೇರಿಸಿಕೊಂಡು ಬಂದ ಪಿಕೋ ಡಬ್ಲ್ಯೂ ಇದಕ್ಕೆ ತಕ್ಕವು. ಪಿಕೋದಲ್ಲಿ ನೆನಪು 264 ಕಿಲೋಬೈಟು. ಪೈಥಾನ್ ಕಲಿತವರು ಅದೇ ಭಾಷೆಯ ಕಿರಿಯ ರೂಪವಾದ ಮೈಕ್ರೋಪೈಥಾನಿನಲ್ಲಿ ಅದಕ್ಕೆ ಬರೆಯಬಹುದು. ಒಂದೇ ಸಲಕ್ಕೆ ನಮ್ಮ ಇಡೀ ಕನ್ನಡ ವಿಭಾಗಕ್ಕೆ ಸಾಲುವಷ್ಟು ಪದಚಿತ್ರಗಳು ಅದರ ಎರಡು ಮೆಗಾಬೈಟಿನಲ್ಲಿ ಕೂರುತ್ತವೆ.

ಉಳಿದ ಬೋರ್ಡುಗಳ ಮಾತು ಬೇಗ ಮುಗಿಯುತ್ತದೆ. ಎಂಜಿನಿಯರಿಂಗ್ ಓದುವ ಅಣ್ಣಂದಿರು ಹೇಳಿಕೊಳ್ಳುವ 8051 ಇಂಟೆಲ್ ಕಂಪನಿಯು 1980ರಲ್ಲಿ ಹೊರತಂದುದು. 128 ಬೈಟಿನ ನೆನಪಿನಲ್ಲಿ ಅದು ನಡೆಸಿದ ಸಂಸಾರ ದೊಡ್ಡದು. ಚಿಪ್ಪಿನ ಒಳಗನ್ನು ಅರಿಯಲು ಅದು ಒಳ್ಳೆಯ ಪಾಠ, ಹವ್ಯಾಸದ ಆರಂಭಕ್ಕೆ ಅಲ್ಲ. ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆ ನಮ್ಮ ದೇಶದಲ್ಲೇ ರೂಪಿಸಿದ ತೇಜಸ್ 32 ಎಂಬ ಚಿಪ್ಪಿನ ಏರೀಸ್ ಬೋರ್ಡು ಕುತೂಹಲಕರವಾಗಿದೆ. ರಿಸ್ಕ್-ಫೈವ್ ಎಂಬ, ಯಾರ ಒಡೆತನಕ್ಕೂ ಕಟ್ಟುಬೀಳದ ಆಜ್ಞಾಕ್ರಮವನ್ನು ಅದು ಅನುಸರಿಸುತ್ತದೆ. ಆರ್ಡುಯಿನೋ ಕಲಿತ ಮೇಲೆ ಎರಡನೆಯದಾಗಿ ಅದನ್ನು ಕೊಳ್ಳಬೇಕೆಂಬುದು ನನ್ನ ಆಸೆ. ಮೊದಲನೆಯದಾಗಿ ಕೊಂಡವರಿಗೆ ಸಿಕ್ಕಿಕೊಂಡಾಗ ಕೇಳಲು ಜನ ಕಡಿಮೆ.

ಅಂಗಡಿಯಲ್ಲಿ ಗಮನಿಸಬೇಕಾದುದು ಕೆಲವುಂಟು. ಬೋರ್ಡಿಗೆ ಪಿನ್ನುಗಳು ಬೆಸೆದು ಬಂದಿವೆಯೇ ಎಂದು ನೋಡಬೇಕು; ಪಿಕೋ ಮತ್ತು ನ್ಯಾನೋಗಳಲ್ಲಿ ಅನೇಕ ವೇಳೆ ಅವನ್ನು ಬಿಡಿಯಾಗಿ ಕೊಡುತ್ತಾರೆ, ಸಾಲ್ಡರಿಂಗ್ ಬಾರದವರು ಪೇಚಿಗೆ ಸಿಕ್ಕುತ್ತಾರೆ. ಯು.ಎಸ್.ಬಿ. ತಂತಿ ಕೊಳ್ಳುವಾಗ ಅದು ಚಾರ್ಜಿಗೆ ಮಾತ್ರವೋ, ಮಾಹಿತಿಯನ್ನೂ ಒಯ್ಯುವುದೋ ಕೇಳಬೇಕು. ಮೊದಲನೆಯದಾದರೆ ಬೋರ್ಡಿನ ದೀಪ ಉರಿಯುತ್ತದೆ, ಕ್ರಮವಿಧಿ ಒಳಹೋಗುವುದಿಲ್ಲ, ಬೋರ್ಡೇ ಕೆಟ್ಟಿದೆಯೆಂಬ ಭ್ರಮೆ ಹುಟ್ಟುತ್ತದೆ. ಅಗ್ಗದ ಪ್ರತಿರೂಪಗಳಲ್ಲಿ ಯು.ಎಸ್.ಬಿ. ಕೆಲಸಕ್ಕೆ ಸಿ.ಎಚ್. 340 ಎಂಬ ಚಿಪ್ಪಿರುತ್ತದೆ. ಹಳೆಯ ಕಂಪ್ಯೂಟರಾದರೆ ಅದಕ್ಕೆ ಡ್ರೈವರನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಗಬಹುದು. ಬೋರ್ಡಿಗೆ ಕೊಡುವ ಹಣದ ಅರ್ಧದಷ್ಟನ್ನಾದರೂ ಬ್ರೆಡ್‌ಬೋರ್ಡು, ಜಂಪರ್ ತಂತಿ, ರೆಸಿಸ್ಟರು, ಒಂದು ಸಾಧಾರಣ ಮಲ್ಟಿಮೀಟರು ಇವಕ್ಕೆ ತೆಗೆದಿಡುವುದು ಲೇಸು. ಇಬ್ಬರು ಮೂವರು ಗೆಳೆಯರು ಸೇರಿ ಒಂದೇ ಮಲ್ಟಿಮೀಟರನ್ನು ಕೊಂಡರೂ ಆದೀತು. ಎಸ್.ಪಿ. ರಸ್ತೆಯಲ್ಲಿ ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆಯಾದ್ದರಿಂದ ಶನಿವಾರ ತರಗತಿ ಮುಗಿದೊಡನೆ ಹೊರಡುವುದು ಅನುಕೂಲ.